ಐಪ್ಯಾಡ್‌ನಲ್ಲಿ ಹಾಡು ರೆಕಾರ್ಡ್ ಆಯ್ತಾ? ರಿವರ್ಬ್ ಹಾಕುವ ಮೊದಲು ಕ್ಲಿಪ್ ಸರಿಮಾಡಿ

ಮನೆಯಲ್ಲೇ ಐಪ್ಯಾಡ್ ಮುಂದೆ ಕೂತು ಭಾವಗೀತೆ, ದೇವರನಾಮ, ಮಕ್ಕಳ ಪದ್ಯ ರೆಕಾರ್ಡ್ ಮಾಡುವವರು ಈಗ ಊರೂರಲ್ಲೂ ಇದ್ದಾರೆ. ಹಾಡಿ ಮುಗಿಸಿದ ಕೂಡಲೇ ಹೆಚ್ಚಿನವರ ಬೆರಳು ಹೋಗುವುದು ರಿವರ್ಬ್ ಕಡೆಗೆ, ಅಂದರೆ ದನಿಗೆ ದೊಡ್ಡ ಕೋಣೆಯ ಮೊಳಗು ಸೇರಿಸುವ ಎಫೆಕ್ಟ್ ಕಡೆಗೆ. ಸ್ವಲ್ಪ ಗುಂಯ್ ಅಂದರೆ ಸ್ಟುಡಿಯೋದಲ್ಲಿ ಹಾಡಿದ ಹಾಗೆ ಕೇಳುತ್ತದೆ ಎಂಬ ಆಸೆ. ಆದರೆ ಪಲ್ಲವಿ ಜೋರು, ಚರಣ ಮೆತ್ತಗೆ, ನಡುವೆ ಕುರ್ಚಿ ಎಳೆದ ಸದ್ದು, ಎರಡನೇ ಸಾಲು ತಾಳಕ್ಕಿಂತ ಒಂಚೂರು ಹಿಂದೆ, ಇದೆಲ್ಲ ಹಾಗೇ ಇರುವಾಗ ರಿವರ್ಬ್ ಹಾಕಿದರೆ ಹಾಡಿನ ಜೊತೆ ತಪ್ಪುಗಳೂ ದೊಡ್ಡದಾಗಿ ಕೇಳುತ್ತವೆ. ಮೊದಲು ಕ್ಲಿಪ್, ಅಂದರೆ ರೆಕಾರ್ಡ್ ಆದ ದನಿಯ ತುಂಡು. ಎಫೆಕ್ಟ್ ಆಮೇಲೆ. ಈ ಕ್ರಮವೊಂದನ್ನು ಹಿಡಿದುಕೊಂಡರೆ ಸಾಧಾರಣ ಮೈಕ್‌ನಲ್ಲಿ ಹಾಡಿದ್ದೂ ಕೇಳುವ ಹಾಗೆ ಆಗುತ್ತದೆ.

ಇಲ್ಲಿ ಹೇಳುವುದು ಗ್ಯಾರೇಜ್‌ಬ್ಯಾಂಡ್ ಬಗ್ಗೆ. ಹಾಡು ರೆಕಾರ್ಡ್ ಮಾಡಿ ಸರಿಪಡಿಸಲು 2011ರಲ್ಲಿ ಐಪ್ಯಾಡ್‌ಗೆ ಬಂದ ಆ್ಯಪಲ್‌ನ ಆ್ಯಪ್ ಇದು, 2017ರಿಂದ ಎಲ್ಲರಿಗೂ ಉಚಿತ. ಆ್ಯಂಡ್ರಾಯ್ಡ್ ಟ್ಯಾಬ್ ಇರುವವರು ಬ್ಯಾಂಡ್‌ಲ್ಯಾಬ್, ಎಫ್‌ಎಲ್ ಸ್ಟುಡಿಯೋ ಮೊಬೈಲ್ ಅಥವಾ ಕ್ಯೂಬೇಸಿಸ್ ಬಳಸುತ್ತಿರಬಹುದು. ಅಲ್ಲಿ ಬಟನ್ ಇರುವ ಜಾಗ ಬೇರೆ, ಆದರೆ ಕೆಲಸದ ಕ್ರಮ ಇದೇ.

ಶುರು ಮಾಡುವ ಮೊದಲು ಎರಡು ಕೆಲಸ

ಮೊದಲನೆಯದು ನಕಲು. ‘ಮೈ ಸಾಂಗ್ಸ್’ ಪುಟಕ್ಕೆ ಹೋಗಿ ನಿಮ್ಮ ಹಾಡಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ‘ಡೂಪ್ಲಿಕೇಟ್’ ಕೊಡಿ. ಮೂಲ ಒಂದು ಕಡೆ ಭದ್ರವಾಗಿದ್ದರೆ ಧೈರ್ಯವಾಗಿ ಕೈಯಾಡಿಸಬಹುದು.

ಎರಡನೆಯದು ಇಯರ್‌ಫೋನ್. ವೈರ್ ಇರುವುದೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಡವಾಗಿ ಬರುತ್ತದೆ. ಸುಮ್ನೆ ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ, ಆದರೆ ತಾಳ ಕೇಳಿಕೊಂಡು ಹಾಡುವಾಗ ನೀವು ಆ ತಡವಾದ ತಾಳಕ್ಕೆ ಹಾಡುತ್ತೀರಿ, ಇಡೀ ಹಾಡು ಹಿಂದೆ ಬೀಳುತ್ತದೆ. ಬಹಳ ಜನ ‘ನನಗೆ ತಾಳ ಬರಲ್ಲ’ ಅಂದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಹೊಸಬರನ್ನು ಗಾಬರಿ ಮಾಡುವ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಹಾಡು ತೆರೆದಾಗ ಗ್ಯಾರೇಜ್‌ಬ್ಯಾಂಡ್ 8 ಬಾರ್‌ಗಳಷ್ಟೇ ಜಾಗ ಕೊಡುತ್ತದೆ, ವೇಗ 120 ಇರುತ್ತದೆ, ಅಂದರೆ ನಿಮಿಷಕ್ಕೆ 120 ಎಣಿಕೆ, ತಾಳ 4/4, ಅಂದರೆ ಒಂದು ಬಾರ್‌ಗೆ 4 ಎಣಿಕೆ. ಲೆಕ್ಕ ಹಾಕಿದರೆ ಬರೀ 16 ಸೆಕೆಂಡ್. ಆಲಾಪ ಮುಗಿಯುವ ಮೊದಲೇ ಜಾಗ ಮುಗಿಯುತ್ತದೆ. ಮೇಲಿನ ಅಳತೆಪಟ್ಟಿಯ ಬಲತುದಿಯಲ್ಲಿ ಒಂದು ಪ್ಲಸ್ ಗುರುತು ಇದೆ, ಅದನ್ನು ಮುಟ್ಟಿ, ‘ಸೆಕ್ಷನ್ ಎ’ ಒಳಗೆ ಹೋಗಿ ‘ಆಟೋಮ್ಯಾಟಿಕ್’ ಆನ್ ಮಾಡಿ. ಆಮೇಲೆ ನೀವು ಹಾಡಿದಷ್ಟು ಉದ್ದಕ್ಕೂ ಅದೇ ಬೆಳೆಯುತ್ತದೆ.

ಕ್ಲಿಪ್ ಮುಟ್ಟುವುದು, ಕತ್ತರಿಸುವುದು

ಟ್ರ್ಯಾಕ್ಸ್ ವ್ಯೂನಲ್ಲಿ, ಅಂದರೆ ಒಂದೊಂದು ದನಿಗೂ ವಾದ್ಯಕ್ಕೂ ಒಂದೊಂದು ಅಡ್ಡಸಾಲು (ಟ್ರ್ಯಾಕ್) ಕಾಣುವ ಪುಟದಲ್ಲಿ, ನಿಮ್ಮ ದನಿ ನೀಲಿ ಪಟ್ಟಿಯಾಗಿ ಕಾಣುತ್ತದೆ, ಒಳಗೆ ಅಲೆ ಅಲೆಯಾಗಿ ಗೆರೆ. ಇದೇ ಕ್ಲಿಪ್, ಗ್ಯಾರೇಜ್‌ಬ್ಯಾಂಡ್‌ನಲ್ಲಿ ಇದಕ್ಕೆ ರೀಜನ್ ಎಂಬ ಹೆಸರು. ಹಸಿರು ಪಟ್ಟಿ ಕಂಡರೆ ಅದು ಪರದೆಯ ಮೇಲೆ ನುಡಿಸಿದ ಕೀಬೋರ್ಡ್‌ನಂಥ ವಾದ್ಯ. ಈ ಲೇಖನದ ಮಟ್ಟಿಗೆ ನಮ್ಮ ಗಮನ ನೀಲಿ ಪಟ್ಟಿಯ ಮೇಲೆ.

ಕ್ಲಿಪ್ ಮೇಲೆ ಒಮ್ಮೆ ತಟ್ಟಿದರೆ ಅದು ಆಯ್ಕೆಯಾಗುತ್ತದೆ. ಮತ್ತೊಮ್ಮೆ ತಟ್ಟಿದರೆ ಮೆನು ಬರುತ್ತದೆ: ಕಟ್, ಕಾಪಿ, ಡಿಲೀಟ್, ಲೂಪ್, ಸ್ಪ್ಲಿಟ್, ಸೆಟ್ಟಿಂಗ್ಸ್. ಎರಡು ಸಲವೂ ನಿಧಾನವಾಗಿ ತಟ್ಟಿ.

ಮೊದಲು ಹಾಡಿನ ಹಿಂದೆ ಮುಂದೆ ಇರುವ ಖಾಲಿ ಭಾಗ ತೆಗೆಯಿರಿ. ಕ್ಲಿಪ್‌ನ ಎಡತುದಿ ಹಿಡಿದು ಒಳಗೆ ಎಳೆದರೆ ಶುರುವಿನ ಭಾಗ ಹೋಗುತ್ತದೆ, ಬಲತುದಿ ಎಳೆದರೆ ಕೊನೆಯದು. ಹೆದರಬೇಡಿ, ಇದರಿಂದ ಏನೂ ಅಳಿಸಿ ಹೋಗುವುದಿಲ್ಲ, ತುದಿಯನ್ನು ಮತ್ತೆ ಹೊರಗೆ ಎಳೆದರೆ ಮರೆಯಾದ ಭಾಗ ವಾಪಸ್ ಬರುತ್ತದೆ.

ಆಮೇಲೆ ‘ಸ್ಪ್ಲಿಟ್’. ಇದನ್ನು ಮುಟ್ಟಿದಾಗ ಕತ್ತರಿಯ ಗುರುತು ಬರುತ್ತದೆ. ಅದನ್ನು ಆ ಕಡೆ ಈ ಕಡೆ ಸರಿಸಿ ಬೇಕಾದ ಜಾಗಕ್ಕೆ ತಂದು, ಕೆಳಗೆ ಎಳೆದರೆ ಕ್ಲಿಪ್ ಎರಡು ತುಂಡಾಗುತ್ತದೆ. ಎಲ್ಲಿ ಕತ್ತರಿಸಬೇಕು? ಅಲೆ ಸಪಾಟಾಗಿ, ಗೆರೆಯ ಹಾಗೆ ಕಾಣುವ ಕಡೆ. ಸ್ವರ ಎಳೆಯುತ್ತಿರುವಾಗ ನಡುವೆ ಕತ್ತರಿಸಿದರೆ ಜೋಡಣೆಯಲ್ಲಿ ಟಕ್ ಎಂದು ಸದ್ದು ಬರುತ್ತದೆ, ಆಮೇಲೆ ಯಾವ ಎಫೆಕ್ಟ್ ಹಾಕಿದರೂ ಅದು ಹೋಗುವುದಿಲ್ಲ. ಪಲ್ಲವಿ ಒಂದು ತುಂಡು, ಚರಣ ಇನ್ನೊಂದು, ಜೋರಾಗಿ ಬಿದ್ದ ಸಾಲು ಬೇರೊಂದು, ಹೀಗೆ ಬಿಡಿಸಿಕೊಳ್ಳಿ.

ಉಸಿರಿನ ಸದ್ದನ್ನೆಲ್ಲ ಕತ್ತರಿಸಿ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉಸಿರೇ ಇಲ್ಲದ ಹಾಡು ಮನುಷ್ಯರು ಹಾಡಿದ ಹಾಗೆ ಕೇಳುವುದಿಲ್ಲ. ತೀರಾ ಜೋರಾಗಿ ಕೇಳುವ ಉಸಿರನ್ನು ಮಾತ್ರ ಬೇರೆ ತುಂಡು ಮಾಡಿ, ಅದರ ಗೇನ್ (ಸದ್ದಿನ ಮಟ್ಟ) ಇಳಿಸಿದರೆ ಸಾಕು.

ಗೇನ್: ನಿಜವಾದ ಕೆಲಸ ಇಲ್ಲಿದೆ

ತುಂಡಿನ ಮೇಲೆ ತಟ್ಟಿ, ಮೆನುವಿನಿಂದ ‘ಸೆಟ್ಟಿಂಗ್ಸ್’ ತೆರೆಯಿರಿ. ಅಲ್ಲಿ ಗೇನ್ ಸ್ಲೈಡರ್ ಇದೆ. ಆ ಒಂದು ತುಂಡಿನ ಸದ್ದನ್ನು ಮಾತ್ರ ಏರಿಸುವ, ಇಳಿಸುವ ಹಿಡಿ ಇದು. ಟ್ರ್ಯಾಕ್‌ನ ವಾಲ್ಯೂಮ್ ಬೇರೆ, ಇದು ಬೇರೆ, ಇವೆರಡನ್ನು ಬೆರೆಸಿಕೊಳ್ಳಬೇಡಿ. ಟ್ರ್ಯಾಕ್ ವಾಲ್ಯೂಮ್ ಇಡೀ ಟ್ರ್ಯಾಕನ್ನು ಒಟ್ಟಿಗೆ ಎತ್ತುತ್ತದೆ, ಹಾಗಾಗಿ ಮೆತ್ತಗಿನ ಚರಣ ಕೇಳಲಿ ಎಂದು ಅದನ್ನು ಏರಿಸಿದರೆ ಮೊದಲೇ ಜೋರಾಗಿದ್ದ ಪಲ್ಲವಿ ಕಿವಿ ಒಡೆಯುತ್ತದೆ.

ಇನ್ನೂ ಮುಖ್ಯವಾದ ಕಾರಣ ಒಂದಿದೆ. ಕ್ಲಿಪ್‌ನ ಗೇನ್ ಕೆಲಸ ಮಾಡುವುದು ಕಂಪ್ರೆಸರ್, ರಿವರ್ಬ್ ಇವೆಲ್ಲದಕ್ಕಿಂತ ಮೊದಲು. ಕಂಪ್ರೆಸರ್ ಎಂದರೆ ಜೋರಾದ ಸದ್ದನ್ನು ತಗ್ಗಿಸುವ ಎಫೆಕ್ಟ್, ಅದು ತನಗೆ ಬಂದ ಸದ್ದಿನ ಮಟ್ಟ ನೋಡಿ ಒತ್ತುತ್ತದೆ. ಒಂದು ಸಾಲು ಜೋರು, ಒಂದು ಸಾಲು ಮೆತ್ತಗೆ ಬಂದರೆ ಒಂದನ್ನು ಜಜ್ಜಿ ಇನ್ನೊಂದನ್ನು ಮುಟ್ಟದೆ ಬಿಡುತ್ತದೆ, ಆಗ ಒಂದೇ ಹಾಡಿನಲ್ಲಿ ಎರಡು ಬೇರೆ ದನಿ ಕೇಳಿದ ಹಾಗೆ ಆಗುತ್ತದೆ. ಗೇನ್‌ನಲ್ಲೇ ಎಲ್ಲ ಸಾಲು ಹತ್ತಿರ ಹತ್ತಿರ ತಂದಿಟ್ಟರೆ ಮುಂದಿನದೆಲ್ಲ ಸಲೀಸು.

ಎಷ್ಟು ಏರಿಸಬೇಕು? ಲೆಕ್ಕ ಡೆಸಿಬೆಲ್‌ನಲ್ಲಿ. 6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಎರಡು ಪಟ್ಟು ಆಗುತ್ತದೆ. ಅಂದರೆ 2-3 ಡೆಸಿಬೆಲ್ ಬದಲಾವಣೆಯೇ ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಹೆಜ್ಜೆಯಲ್ಲಿ ಹೋಗಿ. ಪ್ರತಿ ಸಲ ಹಿಂದಿನ ಸಾಲಿನಿಂದಲೇ ಕೇಳಿ, ಆ ತುಂಡೊಂದನ್ನೇ ಕೇಳಿದರೆ ಅಂದಾಜು ಸಿಗುವುದಿಲ್ಲ. ಕಣ್ಣಿಗೆ ಅಲೆಗಳು ಸಮ ಕಂಡರೆ ಸಾಕು ಅನ್ನುವುದೂ ಸರಿಯಲ್ಲ. ತಾರಸ್ಥಾಯಿಯ ಸ್ವರ ಚಿಕ್ಕ ಅಲೆಯಲ್ಲೂ ಚುಚ್ಚಿ ಕೇಳುತ್ತದೆ, ಮಂದ್ರದ್ದು ದೊಡ್ಡ ಅಲೆ ಇದ್ದರೂ ಹಿಂದೆ ಉಳಿಯುತ್ತದೆ. ಕಿವಿಯನ್ನೇ ನಂಬಿ.

ಎಲ್ಲವನ್ನೂ ಪೂರ್ತಿ ಸಮ ಮಾಡಲೂ ಹೋಗಬೇಡಿ. ಹಾಡುವವರು ಬೇಕೆಂದೇ ಮೆತ್ತಗೆ ಹೇಳಿದ ಮಾತು ಮೆತ್ತಗೇ ಇರಬೇಕು. ಅದು ಭಾವ, ತಪ್ಪಲ್ಲ. ಮೈಕ್‌ನಿಂದ ಮುಖ ಆಚೆ ಹೋಗಿ ಕಮ್ಮಿಯಾದದ್ದು ಯಾವುದು, ಭಾವಕ್ಕೆ ಕಮ್ಮಿ ಮಾಡಿದ್ದು ಯಾವುದು ಎಂದು ಹಾಡು ಗೊತ್ತಿರುವವರಿಗೇ ತಿಳಿಯುತ್ತದೆ. ಈ ಕೆಲಸವನ್ನು ಹಾಡಿದವರೇ ಕೂತು ಮಾಡಿದರೆ ಒಳ್ಳೆಯದು ಎಂದು ನಾನು ಹೇಳುವುದು ಅದಕ್ಕೇ.

ಒಂದು ಎಚ್ಚರಿಕೆ. ರೆಕಾರ್ಡ್ ಮಾಡುವಾಗಲೇ ಸದ್ದು ಮಿತಿ ಮೀರಿ ಅಲೆಯ ತಲೆ ಚಪ್ಪಟೆಯಾಗಿದ್ದರೆ, ಗೇನ್ ಎಷ್ಟು ಇಳಿಸಿದರೂ ಆ ಒಡಕು ಹೋಗದು. ಅಂಥ ಸಾಲನ್ನು ಮತ್ತೆ ಹಾಡಿಸಿ. ಬೇರೆ ದಾರಿ ಹುಡುಕುತ್ತಾ ಕೂರುವುದಕ್ಕಿಂತ ಅದು ಬೇಗ ಆಗುತ್ತದೆ.

ತಾಳಕ್ಕೆ ಕೂರಿಸುವುದು

ಸಾಲು ಹಿಂದೆ ಬಿದ್ದಿದ್ದರೆ ಆ ತುಂಡನ್ನು ಹಿಡಿದು ಎಡಕ್ಕೆ ಸರಿಸಬೇಕು. ಆದರೆ ಕ್ಲಿಪ್ ಎಳೆದಾಗ ಅದು ಹತ್ತಿರದ ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ. ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸುತ್ತಾ ಹೋಗಿ, ಕೊನೆಯ ಮಟ್ಟಕ್ಕೆ ಬಂದಾಗ ‘ಸ್ನ್ಯಾಪ್ ಟು ಗ್ರಿಡ್ ಆಫ್’ ಎಂದು ತೋರಿಸುತ್ತದೆ. ಈಗ ಎಳೆ ಎಳೆಯಾಗಿ ಸರಿಸಬಹುದು.

ನಮ್ಮ ಹಾಡುಗಳಿಗೆ ಇದು ಬೇಕೇ ಬೇಕು. ಐಪ್ಯಾಡ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಸಿಗುವ ತಾಳಗಳು 4/4, 3/4 ಮತ್ತು 6/8. ಆದಿತಾಳದ 8 ಎಣಿಕೆ 4/4ರ ಎರಡು ಬಾರ್‌ಗೆ ಸರಿಯಾಗಿ ಕೂರುತ್ತದೆ. ವೇಗ 80 ಇಟ್ಟರೆ ಒಂದು ಆವರ್ತನಕ್ಕೆ 6 ಸೆಕೆಂಡ್. ಆದರೆ 7 ಎಣಿಕೆಯ ಮಿಶ್ರಛಾಪು, 5 ಎಣಿಕೆಯ ಖಂಡಛಾಪು ಹಾಡುವಾಗ ಪರದೆಯ ಮೇಲಿನ ಬಾರ್ ಗೆರೆಗಳಿಗೂ ನಿಮ್ಮ ತಾಳಕ್ಕೂ ಸಂಬಂಧವೇ ಇರುವುದಿಲ್ಲ. ಆಗ ಟಕ್ ಟಕ್ ಎಂದು ಎಣಿಕೆ ಹಾಕುವ ಗ್ಯಾರೇಜ್‌ಬ್ಯಾಂಡ್‌ನ ಮೆಟ್ರೊನೋಮ್ ಬಂದ್ ಮಾಡಿ, ತಬಲಾ ಅಥವಾ ಮೃದಂಗದ ಟ್ರ್ಯಾಕನ್ನು ಮೊದಲು ರೆಕಾರ್ಡ್ ಮಾಡಿಕೊಂಡು, ಅದರ ಏಟಿನ ಅಲೆಯನ್ನೇ ಗೆರೆ ಅಂತ ಇಟ್ಟುಕೊಳ್ಳಿ. ಮೇಲಿನ ಟ್ರ್ಯಾಕ್‌ನಲ್ಲಿ ದನಿ, ಕೆಳಗಿನದರಲ್ಲಿ ಏಟು, ಎರಡನ್ನೂ ನೋಡುತ್ತಾ ಕೇಳುತ್ತಾ ಸರಿಸಿದರೆ ಕೂತುಕೊಳ್ಳುತ್ತದೆ.

ಟೆಂಪೊ ಮತ್ತು ಶ್ರುತಿಯ ಸ್ವಿಚ್

ಅದೇ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ‘ಫಾಲೋ ಟೆಂಪೊ ಆ್ಯಂಡ್ ಪಿಚ್’ ಎಂಬ ಸ್ವಿಚ್ ಇದೆ. ಇದು ಆನ್ ಇದ್ದರೆ, ನೀವು ಹಾಡಿನ ವೇಗ ಬದಲಿಸಿದಾಗ ಈ ಕ್ಲಿಪ್ ತಾನೂ ಹಿಗ್ಗಿ ಕುಗ್ಗಿ ಹೊಸ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಫ್ ಇದ್ದರೆ ರೆಕಾರ್ಡ್ ಆದ ಹಾಗೇ ಇರುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ದನಿ ನೀರಲ್ಲಿ ಮುಳುಗಿದ ಹಾಗೆ ಕೇಳ್ತಿದೆ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಸ್ವಿಚ್ಚನ್ನೇ, ಏಕೆಂದರೆ ನಡುವೆ ಎಲ್ಲೋ ವೇಗವನ್ನು 90ರಿಂದ 75ಕ್ಕೆ ಇಳಿಸಿರುತ್ತಾರೆ, ಹಾಡಿದ ದನಿಯೂ ಅದರ ಜೊತೆ ಎಳೆದುಕೊಂಡಿರುತ್ತದೆ.

ತಂಬೂರದ ಟ್ರ್ಯಾಕ್‌ಗೆ ಇದನ್ನು ಆಫ್ ಇಡಿ. ತಂಬೂರಕ್ಕೆ ತಾಳವಿಲ್ಲ, ಹಿಗ್ಗಿಸಿದರೆ ನಾದ ನಡುಗುತ್ತದೆ. ಹಾಗೆಯೇ ತಂಬೂರದ ಚಿಕ್ಕ ತುಂಡು ಮಾಡಿ ‘ಲೂಪ್’ ಕೊಡುವುದೂ ಬೇಡ. ಮೀಟಿನ ಸುತ್ತು ಮುಗಿಯದೆ ತುಂಡು ಮುಗಿದರೆ ಪ್ರತಿ ಸಲ ಎಡವಿದ ಹಾಗೆ ಕೇಳುತ್ತದೆ. ಹಾಡಿನುದ್ದಕ್ಕೂ ಒಂದೇ ಸಲ ರೆಕಾರ್ಡ್ ಮಾಡಿ. ಲೂಪ್ ಒಳ್ಳೆಯದು ಡ್ರಮ್‌ಗೆ, ಗೆಜ್ಜೆಗೆ, ಚಪ್ಪಾಳೆಗೆ.

ದನಿಗೆ ನನ್ನ ಸಲಹೆ ಇಷ್ಟೇ: ಹಾಡುವ ಮೊದಲೇ ವೇಗ ಗಟ್ಟಿ ಮಾಡಿಕೊಳ್ಳಿ, ಸ್ವಿಚ್ ಆಫ್ ಇಡಿ, ಆಮೇಲೆ ವೇಗ ಮುಟ್ಟಬೇಡಿ.

ಇದೇ ಪಟ್ಟಿಯಲ್ಲಿ ಸೆಮಿಟೋನ್, ಆಕ್ಟೇವ್ ಆಯ್ಕೆಗಳಿವೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳಿದರೆ, ಕರಿ ಬಿಳಿ ಎರಡನ್ನೂ ಸೇರಿಸಿ ಪಕ್ಕದ ಮನೆಗೆ ಹೋದರೆ ಒಂದು ಸೆಮಿಟೋನ್, 12 ಸೇರಿದರೆ ಒಂದು ಆಕ್ಟೇವ್. ಬಿಳಿ 5ರಲ್ಲಿ ಹಾಡಿದ್ದನ್ನು ಕಪ್ಪು 4ಕ್ಕೆ ತರಬೇಕಾದರೆ ಒಂದು ಮೇಲೆ. ಬಿಳಿ 2ರಿಂದ ಕಪ್ಪು 1ಕ್ಕೆ ಬರಬೇಕಾದರೆ ಒಂದು ಕೆಳಗೆ. ದನಿಯನ್ನು ಒಂದು ಮನೆ, ಹೆಚ್ಚೆಂದರೆ ಎರಡು ಮನೆ ಸರಿಸಬಹುದು. ಅದಕ್ಕಿಂತ ಜಾಸ್ತಿ ಆದರೆ ಗಮಕಗಳು ಕೆಡುತ್ತವೆ, ಹಾಡಿದವರ ಗುರುತೇ ಸಿಗುವುದಿಲ್ಲ. ಒಂದನ್ನು ಸರಿಸಿದರೆ ಜೊತೆಗಿರುವ ತಂಬೂರ, ಕೊಳಲು, ಹಾರ್ಮೋನಿಯಂ ಎಲ್ಲವನ್ನೂ ಅಷ್ಟೇ ಸರಿಸಬೇಕು ಎನ್ನುವುದನ್ನು ಮರೆಯಬೇಡಿ. ಒಂದೇ ಟ್ರ್ಯಾಕ್‌ನ ಎಲ್ಲ ತುಂಡುಗಳನ್ನೂ ಸಹ. ಒಂದು ತುಂಡು ಬಿಟ್ಟುಹೋದರೆ ಆ ಸಾಲು ಮಾತ್ರ ಅಪಸ್ವರ.

ಹಾರ್ಮೋನಿಯಂ ಕೂದಲೆಳೆಯಷ್ಟು ಶ್ರುತಿ ಬಿಟ್ಟಿದ್ದರೆ ಸೆಮಿಟೋನ್‌ನಿಂದ ಸರಿಯಾಗದು, ಅದು ಪೂರ್ತಿ ಒಂದು ಮನೆಯ ಹೆಜ್ಜೆ. ಹಾಡಲು ಕೂರುವ ಮೊದಲು ತಂಬೂರವನ್ನು ಹಾರ್ಮೋನಿಯಂಗೆ ಸೇರಿಸಿಕೊಳ್ಳುವುದೇ ದಾರಿ.

ಸ್ಪೀಡ್, ರಿವರ್ಸ್ ಎಂಬ ಇನ್ನೆರಡು ಆಯ್ಕೆಗಳೂ ಇವೆ. ಗಂಟೆಯ ಸದ್ದನ್ನೋ ಕೈತಾಳದ ಝಣ್ ಅನ್ನೋ ರಿವರ್ಸ್ (ಹಿಂದುಮುಂದು) ಮಾಡಿ ಚರಣ ಶುರುವಾಗುವ ಮೊದಲು ಇಟ್ಟರೆ ಸದ್ದು ಏರುತ್ತಾ ಬಂದು ಹಾಡಿಗೆ ಜಾಗ ಬಿಟ್ಟುಕೊಡುತ್ತದೆ. ಒಂದು ಹಾಡಿಗೆ ಒಂದು ಸಲ ಸಾಕು.

ಈಗ ಎಫೆಕ್ಟ್‌ಗೆ ಬನ್ನಿ

ಕ್ಲಿಪ್‌ಗಳೆಲ್ಲ ಸರಿಯಾದವು ಅನ್ನಿಸಿದಾಗ ಯಾವ ಎಫೆಕ್ಟ್ ಕೂಡ ಮುಟ್ಟದೆ ಹಾಡನ್ನು ಒಮ್ಮೆ ಪೂರ್ತಿ ಕೇಳಿ. ಕಿವಿ ಎಲ್ಲಾದರೂ ತಡೆದರೆ ಮತ್ತೆ ಆ ತುಂಡಿಗೆ ಹೋಗಿ. ಇಲ್ಲವಾದರೆ ಟ್ರ್ಯಾಕ್ ಕಂಟ್ರೋಲ್ ತೆರೆದು ಕಂಪ್ರೆಸರ್ ಸ್ವಲ್ಪ, ರಿವರ್ಬ್ ಅದಕ್ಕಿಂತ ಕಮ್ಮಿ ಹಾಕಿ. ಕೊನೆಯಲ್ಲಿ ದನಿ ನಿಧಾನವಾಗಿ ಕರಗಬೇಕಾದರೆ ಟ್ರ್ಯಾಕ್‌ನ ಗುರುತಿನ ಮೇಲೆ ಎರಡು ಸಲ ತಟ್ಟಿ ‘ಆಟೋಮೇಶನ್’ ತೆರೆಯಿರಿ, ಅಲ್ಲಿ ಪೆನ್ಸಿಲ್‌ನಿಂದ ವಾಲ್ಯೂಮ್ ಗೆರೆಯನ್ನು ಇಳಿಜಾರಾಗಿ ಎಳೆಯಬಹುದು.

ಮುಗಿದ ಮೇಲೆ ಮತ್ತೆ ‘ಮೈ ಸಾಂಗ್ಸ್’ನಲ್ಲಿ ಹಾಡನ್ನು ಒತ್ತಿ ಹಿಡಿದು ‘ಶೇರ್’ ಕೊಡಿ. ವಾಟ್ಸಾಪ್‌ನಲ್ಲಿ ಮನೆಯವರಿಗೆ ಕಳಿಸುವುದಾದರೆ ‘ಸಾಂಗ್’ ಆರಿಸಿ, ಸಾಮಾನ್ಯ ಗುಣಮಟ್ಟ ನಡೆಯುತ್ತದೆ. ಬೇರೆ ಊರಿನಲ್ಲಿರುವ ತಬಲಾದವರು ಇದಕ್ಕೆ ನುಡಿಸಬೇಕಾದರೆ ಅದೇ ‘ಸಾಂಗ್’ನಲ್ಲಿ ಕುಗ್ಗಿಸದ ವೇವ್ ಫೈಲ್ ಕಳಿಸಿ, ಜೊತೆಗೆ ವೇಗ ಎಷ್ಟು, ಶ್ರುತಿ ಯಾವುದು ಎಂದು ಬರೆದುಬಿಡಿ. ಮ್ಯಾಕ್ ಇಟ್ಟುಕೊಂಡು ಮಿಕ್ಸಿಂಗ್ ಮಾಡುವ ಗೆಳೆಯರಿದ್ದರೆ ‘ಪ್ರಾಜೆಕ್ಟ್’ ಆರಿಸಿ, ಆಗ ನೀವು ಬಿಡಿಸಿಟ್ಟ ತುಂಡುಗಳೆಲ್ಲ ಹಾಗೇ ಬಿಡಿಬಿಡಿಯಾಗಿ ಅವರಿಗೆ ಸಿಗುತ್ತವೆ.