ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವುದು ಇನ್ನೂ ಲಾಭವೇ? ಲೆಕ್ಕ ನೋಡುವ ಬಗೆ

ಕೊಡಗಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಆಯುಧಪೂಜೆಯ ಕೈಲ್‌ಪೊಳ್ದ್ ಹಬ್ಬಕ್ಕೆಂದು ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಕೆಗೆ ಕೋವಿ ಹೂವಾದ ತೋಕ್‌ಪೂ ಸಿಕ್ಕಿಸಿ ಪೂಜೆಗಿಡುವ ಮನೆಗಳಲ್ಲಿ ತೋಟೆಯ (ಕಾರ್ಟ್ರಿಜ್) ಬೆಲೆಯ ಮಾತು ಬಂದೇ ಬರುತ್ತದೆ. ಅಜ್ಜಂದಿರು ಹಿತ್ತಾಳೆ ತೋಟೆಗೆ ಮನೆಯಲ್ಲೇ ಮದ್ದು, ಚರೆ (ಸೀಸದ ಸಣ್ಣ ಗುಂಡುಗಳು) ತುಂಬಿಕೊಳ್ಳುತ್ತಿದ್ದರಲ್ಲ, ಈಗೇಕೆ ಅಂಗಡಿಯವರು ಹೇಳಿದಷ್ಟು ಕೊಡಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುತ್ತದೆ. ಅಮೆರಿಕದವರು ಮನೆಯ ಶೆಡ್ಡಿನಲ್ಲಿ ಕುಳಿತು ಯಂತ್ರದ ಹಿಡಿ ಎಳೆದೆಳೆದು ಪೆಟ್ಟಿಗೆಗಟ್ಟಲೆ ತೋಟೆ ತುಂಬುವ ವಿಡಿಯೊ ನೋಡಿದವರಿಗಂತೂ ಈ ಆಸೆ ಇನ್ನಷ್ಟು ಬಲವಾಗುತ್ತದೆ. ತುಂಬುವ ಅಳತೆಗಳನ್ನು ಈ ಲೇಖನದಲ್ಲಿ ಹುಡುಕಬೇಡಿ. ತುಂಬಬೇಕೇ ಬೇಡವೇ ಎಂಬುದನ್ನು ಹಂತ ಹಂತವಾಗಿ ನಿರ್ಧರಿಸುವ ಕ್ರಮವಷ್ಟೇ ಇಲ್ಲಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ವರ್ಷಕ್ಕೆ ಕೆಲವೇ ಡಜನ್ ತೋಟೆ ಹಾರಿಸುವ ಕೊಡಗಿನ ಮನೆಗೆ ಇದರಲ್ಲಿ ಲಾಭವಿಲ್ಲ.

ಮೊದಲ ಹಂತ: ಕಾನೂನು ಓದಿ, ಲೆಕ್ಕ ಆಮೇಲೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೊಡವ ಜನಾಂಗದವರಿಗೂ ಕೊಡಗಿನ ವಂಶಪಾರಂಪರ್ಯದ ಭೂಮಿಯಾದ ಜಮ್ಮಾದ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದು, ಅದು 2029ರ ಅಕ್ಟೋಬರ್ 31ರವರೆಗೆ ನಡೆಯುತ್ತದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಇಷ್ಟು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಈ ವಿನಾಯಿತಿ ಕೋವಿಯನ್ನೂ ಅದರ ಮದ್ದುಗುಂಡನ್ನೂ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಪಟ್ಟದ್ದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಯಾರಿಕೆ, ಮಾರಾಟ, ದುರಸ್ತಿ ಮುಂತಾದವು 5ನೇ ಕಲಮಿಗೆ ಬರುತ್ತವೆ ಮತ್ತು ಅವಕ್ಕೆ ಬೇರೆಯೇ ಪರವಾನಗಿ ಬೇಕು. ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡಿಗೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಆದ್ದರಿಂದ ಹೊರದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ತುಂಬುವ ಯಂತ್ರವನ್ನೋ, ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರುಗಳನ್ನೋ ತರಿಸಿಕೊಳ್ಳುವ ಯೋಚನೆಯನ್ನು ಅಲ್ಲಿಗೇ ಬಿಡಬೇಕು. 5ನೇ ಕಲಮನ್ನು ಮೀರಿ ತಯಾರಿಸಿದರೆ, 2019ರ ತಿದ್ದುಪಡಿಯ ಬಳಿಕ, ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆಮನೆ ವಾಸವಿದೆ.

ಮನೆ ಬಳಕೆಗೆಂದು ಹತ್ತು ತೋಟೆ ತುಂಬಿದರೆ ಅದು ತಯಾರಿಕೆ ಹೇಗಾಗುತ್ತದೆ ಎಂದು ಯಾರಾದರೂ ವಾದಿಸಬಹುದು. ಕಟಕಟೆಯಲ್ಲಿ ನಿಂತು ಆ ವಾದ ಮಾಡುವಷ್ಟು ಬೆಲೆ ಹತ್ತು ತೋಟೆಗಿಲ್ಲ. ನಿಜವಾಗಿಯೂ ಆಸಕ್ತಿಯಿದ್ದವರು, ವಿಶೇಷವಾಗಿ ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವವರು, ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರ ಕೈಗೆ ಬಂದ ಮೇಲಷ್ಟೇ ಮುಂದಿನ ಹೆಜ್ಜೆ ಇಡಬೇಕು. ಯಾರೋ ಬಾಯಿಮಾತಿನಲ್ಲಿ ಪರವಾಗಿಲ್ಲ ಎಂದದ್ದನ್ನು ಅನುಮತಿಯೆಂದು ತಿಳಿಯಬಾರದು. ಬಾಯಿಯಿಂದ ಈಡು ತುಂಬುವ ಕೇಪಿನ ಕೋವಿಯ ವಿಷಯ ಬೇರೆ. ಪ್ರತಿ ಈಡನ್ನೂ ಆಗಾಗಲೇ ತುಂಬುವುದು ಅದರ ರಚನೆಯೇ ಆಗಿರುವುದರಿಂದ ಈ ಚರ್ಚೆಗೆ ಅದನ್ನು ಎಳೆದು ತರುವುದಿಲ್ಲ.

ಎರಡನೆಯ ಹಂತ: ತೋಟೆಯೊಳಗೆ ಏನಿದೆ ಎಂದು ತಿಳಿಯಿರಿ

ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಪಾಲು ಮಾಡಿ, ಒಂದು ಪಾಲನ್ನು ಉಂಡೆ ಮಾಡಿದರೆ ಎಷ್ಟು ದಪ್ಪವಾಗುವುದೋ ಅಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್, ಒಳ ಅಗಲವಿರುವ ನಳಿಕೆಯೇ ಹನ್ನೆರಡು ಬೋರ್. ಅದರ ತೋಟೆಯನ್ನು ಬಿಡಿಸಿ ನೋಡಿದರೆ ಬುಡದಲ್ಲಿ ಲೋಹದ ಬಟ್ಟಲು, ಅದರ ನಡುವೆ ಪ್ರೈಮರ್, ಮೇಲಕ್ಕೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೊಳವೆ, ಕೊಳವೆಯೊಳಗೆ ಹೊಗೆರಹಿತ ಮದ್ದು, ಮದ್ದಿನ ಮೇಲೆ ಅದನ್ನೂ ಚರೆಯನ್ನೂ ಬೇರ್ಪಡಿಸುವ ಬಿರಡೆಯಾದ ವ್ಯಾಡ್, ವ್ಯಾಡಿನ ಮೇಲೆ ಚರೆ, ಎಲ್ಲಕ್ಕಿಂತ ಮೇಲೆ ಕೊಳವೆಯ ಬಾಯಿಯನ್ನೇ ಮಡಿಚಿ ಮುಚ್ಚಿದ ಮಡಿಕೆ ಕಾಣಿಸುತ್ತವೆ. ಮತ್ತೆ ತುಂಬುವುದೆಂದರೆ ಹಾರಿದ ತೋಟೆಯ ಹಳೆಯ ಪ್ರೈಮರನ್ನು ತಳ್ಳಿ ತೆಗೆದು, ಉಬ್ಬಿದ ಬುಡವನ್ನು ಮೊದಲಿನ ಅಳತೆಗೆ ಒತ್ತಿ, ಹೊಸ ಪ್ರೈಮರ್ ಕೂರಿಸಿ, ಮದ್ದು, ವ್ಯಾಡ್, ಚರೆಗಳನ್ನು ಅದೇ ಕ್ರಮದಲ್ಲಿ ಹಾಕಿ ಬಾಯಿ ಮಡಿಚುವುದು. ಮೆಕ್, ಲೀ ಮುಂತಾದ ಅಮೆರಿಕದ ಕಂಪನಿಗಳ ಯಂತ್ರಗಳು ಮಾಡುವುದು ಇಷ್ಟನ್ನೇ.

ಕೇಳಲು ಸುಲಭ. ಕಷ್ಟವೆಲ್ಲ ಅಜ್ಜಂದಿರ ಕಾಲದ ನೆನಪು ಬೆರೆತಾಗ ಆರಂಭವಾಗುತ್ತದೆ. ಅವರು ಬಳಸುತ್ತಿದ್ದುದು ಕರಿಮದ್ದು. ಹನ್ನೆರಡು ಬೋರಿಗೆ ಅದನ್ನು ಅಳತೆ ಲೋಟದಲ್ಲಿ 5 ಗ್ರಾಂ ಆಸುಪಾಸು ಸುರಿದುಕೊಳ್ಳುತ್ತಿದ್ದರು. ಕೈ ಸ್ವಲ್ಪ ಹೆಚ್ಚುಕಡಿಮೆಯಾದರೆ ಹೊಗೆ ಹೆಚ್ಚುತ್ತಿತ್ತು, ಹೆಗಲಿಗೆ ಒದೆ ಬೀಳುತ್ತಿತ್ತು, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತಿತ್ತು. ಇಂದಿನ ಹೊಗೆರಹಿತ ಮದ್ದು ಅದೇ ಕೆಲಸವನ್ನು ಸುಮಾರು ಒಂದೂಕಾಲು ಗ್ರಾಂನಲ್ಲಿ ಮಾಡುತ್ತದೆ. ಹಳೆಯ ಲೋಟದಿಂದ ಹೊಸ ಮದ್ದನ್ನು ಅಳೆದವರ ಕೋವಿ ಒಡೆಯದೆ ಉಳಿಯುವ ಸಂಭವ ಕಡಿಮೆ. ಇದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ 0.065 ಗ್ರಾಂ, ಬೆರಳ ತುದಿಗೆ ಅಂಟುವಷ್ಟು ಪುಡಿ. ಹದಿನೆಂಟು ಗ್ರೇನ್ ಬೇಕಾದಲ್ಲಿ ಎರಡು ಗ್ರೇನ್ ಹೆಚ್ಚು ಬಿದ್ದರೆ ಶೇ 10ಕ್ಕೂ ಮಿಕ್ಕಿದ ತಪ್ಪು, ಮತ್ತು ಒತ್ತಡ ಆ ಪ್ರಮಾಣಕ್ಕಿಂತಲೂ ವೇಗವಾಗಿ ಏರುತ್ತದೆ. ಮದ್ದು ಸರಿಯಾಗಿದ್ದು ವ್ಯಾಡೋ ಪ್ರೈಮರೋ ಬೇರೆ ಜಾತಿಯದಾದರೂ ಒತ್ತಡ ಬದಲಾಗುತ್ತದೆ. ಆದ್ದರಿಂದಲೇ ಆ ದೇಶಗಳಲ್ಲಿ ಮದ್ದು ತಯಾರಕರು ಪ್ರಕಟಿಸುವ ಕೋಷ್ಟಕದಲ್ಲಿ ಯಾವ ಕೊಳವೆಗೆ ಯಾವ ಪ್ರೈಮರ್, ಯಾವ ವ್ಯಾಡ್, ಎಷ್ಟು ಚರೆ ಎಂದು ಒಂದೊಂದು ಸಾಲಿನಲ್ಲಿ ಕೂಡಿಸಿ ಬರೆದಿರುತ್ತಾರೆ. ಸಾಲಿನ ಒಂದು ವಸ್ತುವನ್ನು ಬದಲಿಸಿದರೂ ಆ ಸಾಲು ಅನ್ವಯಿಸುವುದಿಲ್ಲ.

ಇಲ್ಲಿ ಅಂಥ ಮದ್ದು ಸಿಗದಿದ್ದಾಗ ಪಟಾಕಿ ಬಿಚ್ಚಿ ಮದ್ದು ತೆಗೆಯುವ ಸಲಹೆ ಕೊಡುವವರಿದ್ದಾರೆ. ಅವರ ಮಾತನ್ನು ಯಾವ ಕಾರಣಕ್ಕೂ ಕೇಳಬಾರದು. ಸದ್ದಿನ ಪಟಾಕಿಯಲ್ಲಿ ಅಲ್ಯೂಮಿನಿಯಂ ಪುಡಿ ಬೆರೆತಿದ್ದು, ಅದು ಕ್ಷಣಮಾತ್ರದಲ್ಲಿ ಒಟ್ಟಿಗೇ ಸಿಡಿಯುತ್ತದೆ. ಕೋವಿಗೆ ಬೇಕಾದದ್ದು ಚರೆಯನ್ನು ನಳಿಕೆಯ ಉದ್ದಕ್ಕೂ ನೂಕುತ್ತ ಉರಿಯುವ ಮದ್ದು.

ಮೂರನೆಯ ಹಂತ: ಕಾಗದ, ಪೆನ್ಸಿಲ್ ಹಿಡಿದು ಕೂಡಿ ಕಳೆಯಿರಿ

ಕಾನೂನಿನ ಅಡ್ಡಿ ಇಲ್ಲವೆಂದೇ ಇಟ್ಟುಕೊಂಡು ಲೆಕ್ಕ ಮಾಡೋಣ. ಒಂದು ತೋಟೆಯ ಖರ್ಚಿನಲ್ಲಿ ದೊಡ್ಡ ಪಾಲು ಚರೆಯದು. ತಲಾ 28 ಗ್ರಾಂ ಹಾಕಿದರೆ ಒಂದು ಕಿಲೋ ಸೀಸದಲ್ಲಿ 35 ತೋಟೆಯಾಗುತ್ತದೆ. 32 ಗ್ರಾಂ ಆದರೆ 31. ಸೀಸದ ಇಂದಿನ ದರವನ್ನು ಈ ಸಂಖ್ಯೆಯಿಂದ ಭಾಗಿಸಿ ಬರೆದುಕೊಳ್ಳಿ. ಅದಕ್ಕೆ ಪ್ರೈಮರ್, ವ್ಯಾಡ್, ಮದ್ದಿನ ಖರ್ಚು ಸೇರಿಸಿ, ಬಂದ ಮೊತ್ತವನ್ನು ಅಂಗಡಿಯ ತೋಟೆಯ ಬೆಲೆಯಿಂದ ಕಳೆಯಿರಿ. ಉಳಿದದ್ದೇ ಒಂದು ತೋಟೆಯ ಮೇಲಿನ ಉಳಿತಾಯ. ಯಂತ್ರ, ತಕ್ಕಡಿ ಮುಂತಾದ ಸಲಕರಣೆಯ ಬೆಲೆಯನ್ನು ಆ ಉಳಿತಾಯದಿಂದ ಭಾಗಿಸಿದರೆ ಹಾಕಿದ ಹಣ ಎಷ್ಟು ತೋಟೆ ತುಂಬಿದ ಮೇಲೆ ಹಿಂದಿರುಗುತ್ತದೆ ಎಂಬುದು ತಿಳಿಯುತ್ತದೆ. ಉದಾಹರಣೆಗೆ, ಸಲಕರಣೆಗೆ 20,000 ರೂಪಾಯಿ ಹಾಕಿ ತೋಟೆಯೊಂದಕ್ಕೆ 20 ರೂಪಾಯಿ ಉಳಿಸಿದಿರೆಂದರೆ, ಸಾವಿರ ತೋಟೆಯವರೆಗೆ ಲಾಭದ ಮಾತೇ ಇಲ್ಲ.

ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಈಡು, ಕೈಲ್‌ಪೊಳ್ದಿನ ತೆಂಗಿನಕಾಯಿ ಗುರಿ ಸ್ಪರ್ಧೆ, ಮನೆಯಲ್ಲಿ ಜನನವೋ ಮರಣವೋ ಆದಾಗಿನ ಗುಂಡು, ಗದ್ದೆಗೆ ನುಗ್ಗುವ ಹಂದಿಯನ್ನು ಬೆದರಿಸಲು ಆಕಾಶಕ್ಕೆ ಹಾರಿಸುವುದು, ಎಲ್ಲ ಸೇರಿ ವರ್ಷಕ್ಕೆ 50 ತೋಟೆ ಖರ್ಚಾಗುವ ಮನೆಗೆ ಮೇಲಿನ ಸಾವಿರ ತಲುಪಲು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಕೊಡಗಿನ ಮಳೆಗೆ ಯಂತ್ರವೇ ತುಕ್ಕು ಹಿಡಿದಿರುತ್ತದೆ. ಖಾಲಿ ಕೊಳವೆಯೂ ಕೊನೆಯವರೆಗೆ ಬಾಳುವ ವಸ್ತುವಲ್ಲ. ಹಾರಿದ ಒಂದು ಪ್ಲಾಸ್ಟಿಕ್ ತೋಟೆಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ: ಆರೋ ಎಂಟೋ ಮಡಿಕೆಗಳು ಹೂವಿನ ಎಸಳಿನಂತೆ ತೆರೆದುಕೊಂಡಿರುತ್ತವೆ, ಮಡಿಕೆಯ ಗೆರೆಯಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿರುತ್ತದೆ, ಮೂರು ನಾಲ್ಕು ಸಲ ಬಳಸಿದ್ದರಲ್ಲಿ ಆ ಬಿಳಿ ಗೆರೆಯೇ ಸೀಳಿರುತ್ತದೆ. ಸೀಳಿದ ಬಾಯಿ ಚರೆಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಅಮೆರಿಕದಲ್ಲಿಯೂ ಹನ್ನೆರಡು ಬೋರಿನ ಮಟ್ಟಿಗೆ ಈ ಲೆಕ್ಕ ಸೋತು ಬಹಳ ಕಾಲವಾಯಿತು. ಅಲ್ಲಿ ಕಾರ್ಖಾನೆಯ ಅಗ್ಗದ ತೋಟೆ ಪೆಟ್ಟಿಗೆಗೆ 25ರಂತೆ ಮಳಿಗೆಗಳಲ್ಲಿ ರಾಶಿ ಬಿದ್ದಿರುತ್ತದೆ. 25 ಪೌಂಡಿನ ಚರೆ ಚೀಲದಲ್ಲಿ ಒಂದು ಔನ್ಸಿನ ಲೆಕ್ಕಕ್ಕೆ 400 ತೋಟೆ ತುಂಬಬಹುದಾದರೂ ಚೀಲದ ಬೆಲೆಯೇ ಉಳಿತಾಯವನ್ನು ನುಂಗಿಹಾಕುತ್ತದೆ. ಅದರ ಮೇಲೆ ಇತ್ತೀಚಿನ ವರ್ಷಗಳಲ್ಲಿ ಪ್ರೈಮರಿಗೂ ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸಿಗೂ ಅಭಾವ ಬಂದು ದರಗಳು ಏರಿವೆ. ಈಗಲೂ ಲಾಭ ಕಾಣುವವರು ಎರಡು ಬಗೆಯವರು. ಒಂದು, 28 ಬೋರ್ ಮತ್ತು .410ರಂಥ ಸಣ್ಣ ನಳಿಕೆಯ ಕೋವಿಯವರು: ಅವುಗಳಿಗೆ ಸೀಸ ಕಡಿಮೆ ಸಾಕು, ಆದರೆ ಮಾರಾಟ ಕಡಿಮೆಯಿರುವುದರಿಂದ ಕಾರ್ಖಾನೆಯ ತೋಟೆ ಹನ್ನೆರಡು ಬೋರಿಗಿಂತ ದುಬಾರಿ. ಇನ್ನೊಂದು, ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಆಟಗಾರರು. ಟ್ರ್ಯಾಪ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲೇ 125 ಬಿಲ್ಲೆಗಳಿರುವಾಗ ಅಭ್ಯಾಸಕ್ಕೆ ಎಷ್ಟು ಬೇಕಾದೀತು ಎಂದು ಊಹಿಸಬಹುದು. ಗಾಳಿಬೀಡಿನಲ್ಲೋ ಪೊನ್ನಂಪೇಟೆಯಲ್ಲೋ ಕಾಫಿ ತೋಟ ನೋಡಿಕೊಂಡಿರುವವರು ಈ ಎರಡೂ ಗುಂಪಿಗೆ ಸೇರುವುದು ಅಪರೂಪ.

ನಾಲ್ಕನೆಯ ಹಂತ: ಕೊಳ್ಳುವ ತೋಟೆ ನಿಮ್ಮ ಕೋವಿಗೆ ಹೊಂದುತ್ತದೆಯೇ?

ತುಂಬುವುದಕ್ಕೆ ಇಡಬೇಕೆಂದಿದ್ದ ಶ್ರದ್ಧೆಯನ್ನು ಇಲ್ಲಿ ಇಟ್ಟರೆ ಹೆಚ್ಚು ಪ್ರಯೋಜನವಿದೆ. ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ತೋಟೆ. 2021ರ ಅಕ್ಟೋಬರ್‌ನಿಂದ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ. ಯಾವುದೇ ತಯಾರಿಕೆಯದಾಗಲಿ, ಪೆಟ್ಟಿಗೆಯ ಮೇಲೆ 65 ಅಥವಾ 70 ಮಿಲಿಮೀಟರ್ ಎಂದು ಬರೆದಿರುವ ಉದ್ದವನ್ನು ಓದಬೇಕು. ಆ ಉದ್ದ ಮಡಿಕೆ ಬಿಚ್ಚಿಕೊಂಡ ಮೇಲಿನದು. ಹಾಗಾಗಿ 70ರ ತೋಟೆ ಹಾರುವ ಮೊದಲು ಗಿಡ್ಡವಾಗಿದ್ದು, ತೋಟೆ ಕೂರುವ ಜಾಗ 65 ಮಿಲಿಮೀಟರ್ ಇರುವ ಹಳೆಯ ಇಂಗ್ಲಿಷ್ ಕೋವಿಯೊಳಗೆ ಸಲೀಸಾಗಿ ಕೂರುತ್ತದೆ; ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಿರಿಯರಿಂದ ಬಂದ ಜೋಡಿನಳಿಕೆಯ ಕೋವಿಯ ನಳಿಕೆಯ ಮೇಲೆ ಮರದ ಗೆರೆಯಂಥ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಕೆ. ಅಂಥ ಹಲವು ಕೋವಿಗಳು ಕರಿಮದ್ದಿಗೆ ಮಾತ್ರ ಪರೀಕ್ಷೆಗೊಂಡವು. ನಳಿಕೆಯ ಅಡಿಭಾಗದಲ್ಲಿರುವ ಆ ಪರೀಕ್ಷೆಯ ಮುದ್ರೆಗಳನ್ನು ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ತೋರಿಸುವವರೆಗೆ ಅದನ್ನು ಪೂಜೆಗೆ ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ಮನೆಯಲ್ಲಿ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಎರಡರ ತೋಟೆಗಳನ್ನು ಒಂದೇ ಸೊಂಟಪಟ್ಟಿಯಲ್ಲಿ, ಒಂದೇ ಜೇಬಿನಲ್ಲಿ ಇಡಕೂಡದು. ಇಪ್ಪತ್ತರ ತೋಟೆ ಹನ್ನೆರಡರ ನಳಿಕೆಯಲ್ಲಿ ಸ್ವಲ್ಪ ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯಿದೆಯೆಂದು ಹಿಂದಿನಿಂದ ಇನ್ನೊಂದು ತೋಟೆ ಹಾಕಿ ಹಾರಿಸಿದರೆ ನಳಿಕೆ ಸಿಡಿಯುತ್ತದೆ. ಇಪ್ಪತ್ತು ಬೋರಿನ ಕೊಳವೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಈ ಅಪಾಯ ತಪ್ಪಿಸಲೆಂದೇ.

ಐದನೆಯ ಹಂತ: ಮಳೆಗಾಲ ದಾಟಿಸುವುದು

ಕೊಡಗಿನಲ್ಲಿ ತೋಟೆಗೆ ಹಾಕಿದ ಹಣ ನಷ್ಟವಾಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಗದದ ಕೊಳವೆ ತೇವ ಕುಡಿದು ಉಬ್ಬುತ್ತದೆ, ಮುಕ್ಕಾಲು ಭಾಗ ಒಳಗೆ ಹೋಗಿ ನಿಲ್ಲುತ್ತದೆ. ಅದನ್ನು ಅಂಗೈಯಿಂದ ಗುದ್ದಿ ಕೂರಿಸುವ ಅಭ್ಯಾಸ ಕೆಲವರಿಗಿದೆ, ಅದು ಸಲ್ಲದು. ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹತ್ತುತ್ತದೆ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರು ಒಂದು ತೊಂದರೆಯಿಂದ ಇನ್ನೊಂದಕ್ಕೆ ಬೀಳುತ್ತಾರೆ, ಏಕೆಂದರೆ ಕಾವು ಹೊಗೆರಹಿತ ಮದ್ದನ್ನು ಬೇಗ ಹಾಳುಮಾಡುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಕೋವಿಯಿಂದ ಬೇರೆಯಾಗಿ, ಬೀಗ ಹಾಕುವ ಕಪಾಟಿನಲ್ಲಿ ಇಡಬೇಕು. ಡಬ್ಬದ ಮೇಲೆ ಕೊಂಡ ತಿಂಗಳು ಬರೆದಿಟ್ಟು, ಹಳೆಯದನ್ನು ಮೊದಲು ಬಳಸಬೇಕು.

ಹಾರಿಸಿದಾಗ ಸದ್ದು ಎಂದಿಗಿಂತ ಮಂದವಾಗಿ, ಒದೆಯೂ ಇಲ್ಲದೆ ಹೋದರೆ ವ್ಯಾಡ್ ನಳಿಕೆಯಲ್ಲೇ ನಿಂತಿರಬಹುದು. ಎರಡನೆಯದನ್ನು ಹಾರಿಸದೆ, ಕೋವಿಯ ಬಾಯನ್ನು ಜನರಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾದು, ತೆರೆದು ತೋಟೆಗಳನ್ನು ತೆಗೆದ ಮೇಲೆ ಬುಡದ ಕಡೆಯಿಂದ ನಳಿಕೆಯ ಮೂಲಕ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಉಬ್ಬಿದ, ಕಿಲುಬು ಹಿಡಿದ, ಹಾರದೆ ಉಳಿದ ತೋಟೆಗಳನ್ನು ಬಿಚ್ಚಿ ಮದ್ದು ಉಳಿಸಿಕೊಳ್ಳಲು ಹೋಗಬಾರದು. ಒಲೆಗೋ ಬಾವಿಗೋ ಹಾಕಲೂಬಾರದು. ಅವನ್ನು ಬೇರೆ ಡಬ್ಬದಲ್ಲಿಟ್ಟು, ವಿನಾಯಿತಿ ಪತ್ರದೊಂದಿಗೆ ಪರವಾನಗಿಯುಳ್ಳ ಮಾರಾಟಗಾರರಲ್ಲಿಗೋ ಹತ್ತಿರದ ಪೊಲೀಸ್ ಠಾಣೆಗೋ ಒಯ್ದು ಒಪ್ಪಿಸಿ, ಎಷ್ಟು ಕೊಟ್ಟಿರೆಂಬುದಕ್ಕೆ ರಸೀದಿ ಪಡೆಯಬೇಕು.