ಆಕ್ಟಿವೇಟೆಡ್ ಚಾರ್ಕೋಲ್: ಮುಖಕ್ಕೆ ಸರಿ, ಹಲ್ಲಿಗೆ ಬೇಡ, ಹೊಟ್ಟೆಗೆ ಡಾಕ್ಟರನ್ನು ಕೇಳಿ

ಫೇಸ್‌ವಾಶ್, ಸೋಪು, ಟೂತ್‌ಪೇಸ್ಟ್, ಮಾತ್ರೆ, ಈಗ ಎಲ್ಲದರಲ್ಲೂ ಚಾರ್ಕೋಲ್ ಇದೆ. ಯಾವುದಕ್ಕೆ ದುಡ್ಡು ಕೊಡಬೇಕು ಅಂತ ತೀರ್ಮಾನಿಸುವ ಮುಂಚೆ ಅದು ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ. ತೆಂಗಿನ ಕರಟವನ್ನೋ ಮರವನ್ನೋ ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡುತ್ತಾರೆ. ಆಮೇಲೆ 800-900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಅದಕ್ಕೆ ಹಬೆ ಹಾಯಿಸುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟು! ಅಷ್ಟು ಜಾಗಕ್ಕೆ ಎಣ್ಣೆ, ವಾಸನೆ, ಎಷ್ಟೋ ರಾಸಾಯನಿಕಗಳು ಬಂದು ಅಂಟಿಕೊಳ್ಳುತ್ತವೆ. ಆದರೆ ತನಗೆ ತಾಗಿದ್ದನ್ನು ಮಾತ್ರ ಅದು ಹಿಡಿಯುತ್ತದೆ. ಮುಖಕ್ಕೆ ಹಚ್ಚಿದ ಪುಡಿ ರಕ್ತದೊಳಗಿನ ವಿಷವನ್ನು ಎಳೆದು ತೆಗೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಸ್ತ್ರಿ ಪೆಟ್ಟಿಗೆಯ ಇದ್ದಿಲನ್ನೋ ಒಲೆಯ ಇದ್ದಿಲನ್ನೋ ಕುಟ್ಟಿ ಹಚ್ಚಿಕೊಳ್ಳಬೇಡಿ. ಅದರಲ್ಲಿ ಆ ಸಣ್ಣ ತೂತುಗಳೂ ಅಷ್ಟಿಲ್ಲ, ಬೂದಿ, ಕಸ ಬೇರೆ ಸೇರಿರುತ್ತದೆ. ಚರ್ಮಕ್ಕೆ ಹಚ್ಚಲು ಅಂತಲೇ ಮಾರುವ ನುಣುಪಾದ ಪುಡಿ ತಗೊಳ್ಳಿ.

ಫೇಸ್ ಪ್ಯಾಕ್ ಮಾಡೋದು ಸುಲಭ. ಅರ್ಧ ಟೀ ಚಮಚ ಚಾರ್ಕೋಲ್ ಪುಡಿ, ಒಂದು ಟೀ ಚಮಚ ಮುಲ್ತಾನಿ ಮಿಟ್ಟಿ, ಕಲಸಲು ಬೇಕಾದಷ್ಟು ಗುಲಾಬಿ ನೀರು. ಒಣ ಚರ್ಮವಾದರೆ ಮುಲ್ತಾನಿ ಬಿಟ್ಟು ಮೊಸರು ಅಥವಾ ಜೇನುತುಪ್ಪ ಹಾಕಿ. ಪುಡಿ ಬಹಳ ಹಗುರ, ಫ್ಯಾನ್ ಆರಿಸಿ ಕಲಸಿ, ಹಾರಿದ ಪುಡಿ ಉಸಿರಿನೊಳಗೆ ಹೋಗಬಾರದು. ಹಳೇ ಬಟ್ಟೆ ಹಾಕಿಕೊಳ್ಳಿ, ಬಿಳಿ ಟವಲ್ ಅಂತೂ ಹತ್ತಿರಕ್ಕೂ ತರಬೇಡಿ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಉರಿ ಅಥವಾ ತುರಿಕೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಕಣ್ಣು, ತುಟಿಯ ಸುತ್ತ ಬಿಟ್ಟು ತೆಳ್ಳಗೆ ಹಚ್ಚಿ, ಹತ್ತು ನಿಮಿಷದೊಳಗೆ, ಪೂರ್ತಿ ಒಣಗಿ ಬಿರುಕು ಬಿಡುವ ಮುಂಚೆಯೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಉಜ್ಜಬೇಡಿ. ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ಜಿಡ್ಡು ಮುಖದವರಿಗೆ ವಾರಕ್ಕೊಮ್ಮೆ ಸಾಕು, ಒಣ ಚರ್ಮದವರಿಗೆ ಅದೂ ಜಾಸ್ತಿ. ಜಿಡ್ಡು ಕಡಿಮೆಯಾಗಿ ಮುಖ ಹಗುರ ಅನ್ನಿಸುತ್ತದೆ ನಿಜ, ಆದರೆ ಇದರಿಂದ ಬಣ್ಣ ಬಿಳಿಯಾಗುವುದಿಲ್ಲ. ಕೀವು ತುಂಬಿದ ಮೊಡವೆಗೆ ಇದು ಔಷಧಿಯೂ ಅಲ್ಲ, ಅದಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಫೆವಿಕಾಲ್‌ನಂಥ ಗೋಂದು ಬೆರೆಸಿ ಎಳೆದು ಕೀಳುವ ಮಾಸ್ಕ್ ವಿಡಿಯೋಗಳನ್ನು ದಯವಿಟ್ಟು ಅನುಸರಿಸಬೇಡಿ, ಬ್ಲ್ಯಾಕ್‌ಹೆಡ್ ಜೊತೆ ಚರ್ಮದ ಮೇಲ್ಪದರ, ಸಣ್ಣ ಕೂದಲು ಎಲ್ಲ ಕಿತ್ತುಬರುತ್ತವೆ.

ಇನ್ನು ಹಲ್ಲು. ನಮ್ಮಲ್ಲಿ ಇದ್ದಿಲು, ಉಪ್ಪು ಹಾಕಿ ಹಲ್ಲುಜ್ಜುತ್ತಿದ್ದ ಹಿರಿಯರು ಎಲ್ಲರ ಮನೆಯಲ್ಲೂ ಇದ್ದರು ಅಲ್ವಾ, ಹಾಗಾಗಿ ಚಾರ್ಕೋಲ್ ಪೇಸ್ಟ್ ನೋಡಿದರೆ ತಟ್ಟನೆ ನಂಬಿಕೆ ಬರುತ್ತದೆ. ಆದರೂ ಬೇಡ ಅಂತಲೇ ಹೇಳುತ್ತೇನೆ. ಟೀ, ಕಾಫಿ ಕಲೆ ಮೇಲಿಂದ ಸ್ವಲ್ಪ ಹೋಗಬಹುದು, ಆದರೆ ತರಿತರಿ ಪುಡಿಯಿಂದ ದಿನಾ ಉಜ್ಜಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಸವೆಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳ್ಳಗಾದಂತೆ ಒಳಗಿನ ಹಳದಿ ಪದರ ಕಾಣಿಸಿ ಹಲ್ಲು ಇನ್ನೂ ಹಳದಿಯಾಗುತ್ತದೆ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ವಿಮರ್ಶೆಯೂ ಚಾರ್ಕೋಲ್ ಪೇಸ್ಟ್ ಸುರಕ್ಷಿತ, ಪರಿಣಾಮಕಾರಿ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತ್ತು. ಫ್ಲೋರೈಡ್ ಇರುವ ಮಾಮೂಲಿ ಪೇಸ್ಟ್ ಸಾಕು.

ನುಂಗುವ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಇದು ನಿಜಕ್ಕೂ ಜೀವ ಉಳಿಸುತ್ತದೆ. ಕೆಲವು ವಿಷ ಅಥವಾ ಮಿತಿಮೀರಿದ ಮಾತ್ರೆ ಹೊಟ್ಟೆ ಸೇರಿದಾಗ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ದೊಡ್ಡವರಿಗೆ 50 ಗ್ರಾಂನಷ್ಟು ನೀರಲ್ಲಿ ಕಲಸಿ ಕೊಡುತ್ತಾರೆ. ಆದರೆ ಸೀಮೆಎಣ್ಣೆ, ಆ್ಯಸಿಡ್, ಮದ್ಯ, ಕಬ್ಬಿಣದ ಮಾತ್ರೆಗೆ ಇದು ಉಪಯೋಗಕ್ಕೆ ಬರುವುದಿಲ್ಲ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಮನೆಯಲ್ಲಿ ಯಾರಾದರೂ ವಿಷ ಕುಡಿದರೆ ನೀವೇ ಇದನ್ನು ಕುಡಿಸಲು ಹೋಗದೆ 108ಕ್ಕೆ ಫೋನ್ ಮಾಡಿ, ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ದಿನಾ ಡಿಟಾಕ್ಸ್, ಅಂದರೆ ಮೈಯೊಳಗಿನ ವಿಷ ಹೊರಹಾಕಲು, ಅಂತ ಕುಡಿಯುವುದು ಬೇಡವೇ ಬೇಡ, ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಗ್ಯಾಸ್‌ಗೆ ಅಂತ ಕೆಲವರು ಮಾತ್ರೆ ತಗೊಳ್ಳುತ್ತಾರೆ. ಅದಕ್ಕೆ ಸ್ವಲ್ಪ ಆಧಾರ ಇದೆ, ಆದರೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಯಾಕೆಂದರೆ ಅದು ನಿಮ್ಮ ಥೈರಾಯ್ಡ್ ಮಾತ್ರೆಯನ್ನೂ ಗರ್ಭನಿರೋಧಕ ಮಾತ್ರೆಯನ್ನೂ ಹೊಟ್ಟೆಯಲ್ಲೇ ಹಿಡಿದುಕೊಂಡು ಕೆಲಸ ಮಾಡದಂತೆ ಮಾಡಬಹುದು. ಮಲ ಕಪ್ಪಾಗುತ್ತದೆ, ಮಲಬದ್ಧತೆಯೂ ಆಗುತ್ತದೆ.

ಯಾವ ಚಿಂತೆಯೂ ಇಲ್ಲದೆ ಬಳಸಬೇಕೆಂದರೆ ಫ್ರಿಜ್, ಶೂ ಸ್ಟ್ಯಾಂಡ್, ಬೀರುವಿನಲ್ಲಿಡಿ. ಇದಕ್ಕೆ ಪುಡಿಗಿಂತ ಹರಳು ಒಳ್ಳೆಯದು. ತೆಳು ಹತ್ತಿ ಬಟ್ಟೆಯಲ್ಲಿ ಒಂದು ಹಿಡಿ ಕಟ್ಟಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಮಳೆಗಾಲದಲ್ಲಿ ಶೂ ಮುಗ್ಗಲು ವಾಸನೆ ಬರುತ್ತದಲ್ಲ, ಶೂ ಒಣಗಿದ ಮೇಲೆ ರಾತ್ರಿ ಒಳಗಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಆಗಾಗ ಗಂಟನ್ನು ಬಿಸಿಲಿಗೆ ಹಾಕಿ ತೇವ ಆರಿಸಿ. ಬಿಸಿಲಿಗೆ ಹಾಕಿದ ಮೇಲೂ ವಾಸನೆ ಹೋಗುತ್ತಿಲ್ಲವಾದರೆ ಹೊಸ ಹರಳು ಹಾಕಿ.