ಆಟದ ನಡೆಯೇ ಪಾಠವಾಗಲಿ: ತರಗತಿಗೆ ಆಟ ಕಟ್ಟುವ ಬಗೆ

ತರಗತಿಯಲ್ಲಿ ಆಟ ಆಡಿಸಿದರೆ ಮಕ್ಕಳಿಗೆ ಖುಷಿ. ಆದರೆ ಪೀರಿಯಡ್ ಮುಗಿದ ಮೇಲೆ ಕೇಳಿ ನೋಡಿ, ಎಷ್ಟೋ ಸಲ ಯಾರು ಗೆದ್ದರು ಎಂಬುದಷ್ಟೇ ಅವರ ನೆನಪಿನಲ್ಲಿ ಇರುತ್ತದೆ. ತಪ್ಪು ಮಕ್ಕಳದಲ್ಲ, ಆಟದ್ದು. ಲೆಕ್ಕ ಬಿಡಿಸಿದವರಿಗೆ ಚೆಂಡು ಎಸೆಯುವ ಅವಕಾಶ ಎಂದು ನಿಯಮ ಮಾಡಿದರೆ ಆಟವೇ ಬೇರೆ, ಲೆಕ್ಕವೇ ಬೇರೆ ಆಗುತ್ತದೆ. ಮಗುವಿನ ಜೀವವೆಲ್ಲ ಚೆಂಡಿನ ಮೇಲಿರುತ್ತದೆ. ಏನನ್ನು ಕಲಿಯಬೇಕೋ ಅದನ್ನೇ ಮಾಡದೆ ಗೆಲ್ಲಲು ಆಗಬಾರದು. ಆಟವನ್ನು ಹಾಗೆ ಕಟ್ಟಬೇಕು.

ಮೊದಲ ಹೆಜ್ಜೆ: ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ಗಣಿತದಲ್ಲಿ ಆಸಕ್ತಿ ಮೂಡಲಿ’ ಎಂಬುದು ಆಸೆ, ಗುರಿಯಲ್ಲ. ‘ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದು ಎಂದು ಹೇಳಬೇಕು’ ಎಂಬುದು ಗುರಿ. ಒಂದು ಆಟಕ್ಕೆ ಇಂಥದ್ದು ಒಂದು ಸಾಕು.

ಎರಡನೇ ಹೆಜ್ಜೆ: ಕಾಯಿ ನಡೆಸುವುದರಲ್ಲೇ ಪಾಠ ಇರಲಿ

ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಬಳಸಿದ್ದು ತೀರಾ ಸರಳವಾದ ಹಲಗೆ: ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಸಂಖ್ಯೆ ಬರೆದ ಮನೆಗಳು. ಬಡ ಕುಟುಂಬಗಳ ಪುಟ್ಟ ಮಕ್ಕಳು ಕಾಯಿ ನಡೆಸುತ್ತಾ ದಾಟಿದ ಮನೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಎರಡು ವಾರಗಳಲ್ಲಿ ಸುಮಾರು 15 ನಿಮಿಷಗಳ ನಾಲ್ಕು ಸುತ್ತು ಆಡಿದ್ದಷ್ಟಕ್ಕೇ ಸಂಖ್ಯೆ ಗುರುತಿಸುವುದು, ಯಾವುದು ದೊಡ್ಡದು ಎಂದು ಹೇಳುವುದು ಸುಧಾರಿಸಿತು. ಒಂಬತ್ತು ವಾರಗಳ ನಂತರವೂ ಅದು ಉಳಿದಿತ್ತು. ಸಂಖ್ಯೆಯ ಬದಲು ಬಣ್ಣದ ಮನೆಗಳಿದ್ದ ಹಲಗೆಯಲ್ಲಿ ಆಡಿದ ಮಕ್ಕಳಲ್ಲಿ ಈ ಸುಧಾರಣೆ ಕಾಣಲಿಲ್ಲ. ಎರಡೂ ಗುಂಪು ಆಡಿದ್ದು ಆಟವನ್ನೇ. ಕಾಯಿ ಮುಂದೆ ಹೋಗುವಾಗ ಬಾಯಲ್ಲಿ ಏನಿತ್ತು ಎಂಬುದರಲ್ಲಿ ಇದ್ದದ್ದು ವ್ಯತ್ಯಾಸ.

ಅದಕ್ಕೇ ಯಾವುದೇ ಆಟವನ್ನು ತರಗತಿಗೆ ಒಯ್ಯುವ ಮುಂಚೆ ಒಂದು ಪರೀಕ್ಷೆ ಮಾಡಿ: ಪಾಠ ಗೊತ್ತಿಲ್ಲದ ಮಗು ಇದರಲ್ಲಿ ಗೆಲ್ಲಬಹುದೇ? ಮುಚ್ಚಿಟ್ಟ ಕಾರ್ಡುಗಳಲ್ಲಿ ಜೋಡಿ ಹುಡುಕುವ ಆಟವನ್ನೇ ತೆಗೆದುಕೊಳ್ಳಿ. ಒಂದು ಕಾರ್ಡಿನಲ್ಲಿ 1/2, ಇನ್ನೊಂದರಲ್ಲಿ 3/6. ಯಾವ ಕಾರ್ಡು ಎಲ್ಲಿದೆ ಎಂಬ ನೆನಪು ಚೆನ್ನಾಗಿದ್ದವರು ಭಿನ್ನರಾಶಿ ಅರ್ಥವಾಗದಿದ್ದರೂ ಗೆದ್ದುಬಿಡುತ್ತಾರೆ. ಜೋಡಿ ಏಕೆ ಸಮ ಎಂದು ಹೇಳಿದ ಮೇಲಷ್ಟೇ ಕಾರ್ಡು ನಿಮ್ಮದು, ಹೇಳಿದ್ದು ಸರಿಯೇ ಎಂದು ತೀರ್ಮಾನಿಸುವವರು ಎದುರಾಳಿಗಳು ಎಂಬ ಒಂದು ನಿಯಮ ಸೇರಿಸಿ. ಆಗ ಎರಡೂ ಕಡೆಯವರು ಲೆಕ್ಕ ಮಾಡಲೇಬೇಕು.

ಸಾಮಾನೇ ಬೇಡದ ಒಂದು ಆಟ

ನನಗೆ ಅತ್ಯಂತ ಇಷ್ಟವಾದದ್ದು ಇದು. ಇಬ್ಬರು ಎದುರುಬದುರು ಕೂರಬೇಕು. ಒಂದರಿಂದ ಎಣಿಕೆ ಶುರು. ಪ್ರತಿ ಸರದಿಯಲ್ಲೂ ಒಂದು, ಎರಡು ಅಥವಾ ಮೂರು ಸಂಖ್ಯೆಗಳನ್ನು ಮುಂದಕ್ಕೆ ಹೇಳಬಹುದು. 21 ಹೇಳಿದವರು ಗೆದ್ದ ಹಾಗೆ.

ಮೊದಲ ಕೆಲವು ಸುತ್ತುಗಳಲ್ಲಿ ಬರೀ ಗಲಾಟೆ. ಬಾಯಿಗೆ ಬಂದಷ್ಟು ಎಣಿಸುತ್ತಾರೆ, 18ರ ಹತ್ತಿರ ಬಂದಾಗ ಬೆಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರ ಕಣ್ಣಿಗೆ 17 ಬೀಳುತ್ತದೆ: ‘ನಾನು 17 ಹೇಳಿದರೆ ನೀನು ಏನೇ ಹೇಳು, 21 ನನ್ನದೇ.’ ಹಾಗಾದರೆ 17 ಸಿಗಬೇಕಾದರೆ? 13 ಹಿಡಿಯಬೇಕು. ಅದಕ್ಕೆ 9, ಅದಕ್ಕೆ 5, ಅದಕ್ಕೆ 1. ಎದುರಾಳಿ ಒಂದು ಹೇಳಿದರೆ ನೀವು ಮೂರು, ಅವರು ಎರಡು ಹೇಳಿದರೆ ನೀವೂ ಎರಡು, ಅವರು ಮೂರು ಹೇಳಿದರೆ ನೀವು ಒಂದು. ಕೂಡಿದರೆ ಯಾವಾಗಲೂ ನಾಲ್ಕು. ಇದನ್ನು ನೀವಾಗಿ ಹೇಳಿಕೊಡಬೇಡಿ, ದಯವಿಟ್ಟು. ಕೊನೆಯಿಂದ ಹಿಂದಕ್ಕೆ ಯೋಚಿಸುವುದು ಗಣಿತದ ದೊಡ್ಡ ಸಂಪತ್ತು, ಅದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ಗುಟ್ಟು ತಿಳಿದವರು ಗೆಲ್ಲುತ್ತಲೇ ಹೋದರೆ ಗುರಿಯನ್ನು 23ಕ್ಕೆ ಬದಲಿಸಿ. ಗುಟ್ಟು ಅರ್ಥವಾದವರು 3, 7, 11 ಎಂದು ಹೊಸದಾಗಿ ಲೆಕ್ಕ ಹಾಕುತ್ತಾರೆ. ಬಾಯಿಪಾಠ ಮಾಡಿದವರು ಹಳೆಯ 5, 9ಕ್ಕೇ ಅಂಟಿಕೊಳ್ಳುತ್ತಾರೆ. ಶಿಕ್ಷಕರಿಗೆ ಇದಕ್ಕಿಂತ ಸ್ಪಷ್ಟವಾದ ಮೌಲ್ಯಮಾಪನ ಸಿಗುವುದು ಕಷ್ಟ.

ಆಡಿಸುವಾಗ

ಇಡೀ ತರಗತಿಗೆ ಒಂದೇ ಆಟ ಬೇಡ. ನಲವತ್ತು ಮಕ್ಕಳಲ್ಲಿ ಒಬ್ಬರು ಹಲಗೆಯ ಮುಂದೆ ನಿಂತರೆ ಉಳಿದವರು ಪ್ರೇಕ್ಷಕರು. ಇಬ್ಬರು ಇಬ್ಬರಾಗಿ, ಹೆಚ್ಚೆಂದರೆ ನಾಲ್ವರಾಗಿ ಕೂರಿಸಿ. ನಿಯಮ ಮೂರಕ್ಕಿಂತ ಹೆಚ್ಚಿದ್ದರೆ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಹೇಳುವ ಬದಲು ಒಂದು ಸುತ್ತು ಆಡಿ ತೋರಿಸಿ.

‘ತಪ್ಪು ಹೇಳಿದವರು ಔಟ್’ ಎಂಬ ನಿಯಮವನ್ನಂತೂ ಕಿತ್ತುಹಾಕಿ. ಯಾವ ಮಗುವಿಗೆ ಅಭ್ಯಾಸ ಹೆಚ್ಚು ಬೇಕೋ ಅದೇ ಮಗು ಮೊದಲು ಹೊರಗೆ ಕೂರುತ್ತದೆ. ಇದಕ್ಕಿಂತ ಅನ್ಯಾಯ ಬೇರೆ ಇಲ್ಲ. ತಪ್ಪಿದರೆ ಸರದಿ ಮುಂದಕ್ಕೆ ಹೋಗಲಿ, ಅದೇ ಪ್ರಶ್ನೆ ಎರಡು ಸರದಿ ಕಳೆದು ಅವರ ಬಳಿಗೇ ಮರಳಲಿ. ವೇಗಕ್ಕೆ ಅಂಕ ಕೊಡುವ ರಸಪ್ರಶ್ನೆಗಳಲ್ಲೂ ಇದೇ ತೊಂದರೆ. ನಿಧಾನವಾಗಿ ಯೋಚಿಸುವವರು ಬೇಗ ಕೈಚೆಲ್ಲುತ್ತಾರೆ.

ಬಹುಮಾನದ ಬಗ್ಗೆಯೂ ಎಚ್ಚರ ಬೇಕು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬಿಡಿಸಲಾಯಿತು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬಿಡಿಸಿದ್ದು ಇತರರಿಗಿಂತ ಕಡಿಮೆ. ಆಟದಲ್ಲೇ ರುಚಿ ಇರುವಾಗ ಅದರ ಮೇಲೆ ಬಹುಮಾನ ಹೇರಬೇಡಿ.

ಆಟ ನಿಲ್ಲಿಸಿದ ಮೇಲೆ

‘ಇನ್ನೊಂದು ಸುತ್ತು’ ಎಂದು ಕೇಳುತ್ತಿರುವಾಗಲೇ ನಿಲ್ಲಿಸಿ, ಕೊನೆಯ ಹತ್ತು ನಿಮಿಷ ಮಾತಿಗೆ ಇಡಿ. ಇದನ್ನು ಬಿಟ್ಟರೆ ಕಲಿಕೆ ಆಟದ ಒಳಗೇ ಉಳಿದುಬಿಡುತ್ತದೆ. ಎರಡು ಪ್ರಶ್ನೆ ಸಾಕು: ಯಾವ ನಡೆಯಿಂದ ಗೆದ್ದಿರಿ? ಅದು ಏಕೆ ಸರಿಹೋಯಿತು? ಉತ್ತರವನ್ನು ಮಕ್ಕಳು ತಮ್ಮ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಎರಡು ಮೂರು ದಿನ ಬಿಟ್ಟು ಆಟದ ಹೆಸರೆತ್ತದೆ ಅದೇ ಗುರಿಯ ಎರಡು ಲೆಕ್ಕ ಕೊಡಿ. ಅರ್ಧ ತರಗತಿಗೆ ಬರಲಿಲ್ಲವೆಂದರೆ ಬದಲಾಗಬೇಕಾದದ್ದು ನಿಯಮ: ಮಕ್ಕಳು ಯಾವ ಜಾಗದಲ್ಲಿ ಲೆಕ್ಕ ಮಾಡದೆ ತಪ್ಪಿಸಿಕೊಂಡರೋ ಅದನ್ನು ಹುಡುಕಿ, ಅಲ್ಲಿ ಒಂದು ನಿಯಮ ಸೇರಿಸಿ ಮತ್ತೆ ಆಡಿಸಿ.